ಮೋಟಾರೇ ಹಿಡಿತೈತಿ

ಗುರುಸಂಗಪ್ಪನವರು ಬಚ್ಚಲಲ್ಲಿ ನಾಲಿಗೆ ಕೆರೆದುಕೊಳ್ಳುತ್ತಿದ್ದರು. ಕೂಡ್ಲಿಗಿಯ ಆ ಓಣಿಯಲ್ಲಿ ಬೆಳಗಾಗುವುದೇ ಆ ಸದ್ದಿನಿಂದ ಎಂದು ನೆರೆಯವರು ತಮಾಷೆ ಮಾಡುವುದುಂಟು. ಎಚ್ಚರವಾಗಿಯೂ ಕಣ್ಣುಮುಚ್ಚಿಕೊಂಡು ಹಾಸಿಗೆಯಲ್ಲಿ ಬಿದ್ದಿದ್ದ ಪ್ರವೀಣಕುಮಾರನಿಗೆ ಇವತ್ತು ಅದು ತಮಾಷೆ ಅನ್ನಿಸಲಿಲ್ಲ. ಗಂಟಲ ಬುಡದಿಂದ ಖ್ಯಾ ಎಂದು ಎಳೆಯುವುದು, ಉಗುಳುವುದು, ಚೊಂಬಿನ ನೀರು ಸುರಿಯುವುದು, ಮತ್ತೆ ಮೊದಲಿನಿಂದ. ಒಳಗಿನದೆಲ್ಲ ಹೊರಗೆ ಹೋಗಿ ಮನುಷ್ಯ ಶುದ್ಧನಾಗುತ್ತಾನೆ. ಆಮೇಲೆ ವಿಭೂತಿ, ಲಿಂಗಪೂಜೆ, ಆಮೇಲೆ ತಟ್ಟೆ ತುಂಬ ಉಪ್ಪಿಟ್ಟು. ಈ ಮನುಷ್ಯ ತನ್ನ ತಾಯಿಯ ತಮ್ಮ, ಹೆಂಡತಿಯ ಅಪ್ಪ, ತಾನು ಉಣ್ಣುವ ಅನ್ನದ ಯಜಮಾನ. ಎಲ್ಲವೂ ಒಬ್ಬನೇ ಆಗಿಬಿಟ್ಟರೆ ಅಸಹ್ಯಪಟ್ಟುಕೊಳ್ಳುವುದಕ್ಕೂ ಮನೆಯಲ್ಲಿ ಒಂದು ಮೂಲೆ ಉಳಿಯುವುದಿಲ್ಲ. ಇವತ್ತು ಇನ್‌ಸ್ಪೆಕ್ಟರ್ ಬರುತ್ತಾರೆ. ಮಾವನ ಕಲ್ಲು ಕ್ವಾರಿಯಲ್ಲಿ ಕೂಲಿಯಾಳು ಚೌಡಣ್ಣನ ಕಾಲು ಹೋದದ್ದು ಹೇಗೆಂದು ವಿಚಾರಿಸುತ್ತಾರೆ. ಕ್ವಾರಿಯ ಕರೆಂಟಿನ ಕೆಲಸವೆಲ್ಲ ಪ್ರವೀಣನದು, ಮನೆಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಆದವನು ಅವನೊಬ್ಬನೇ. ಕಲ್ಲು ಇಳಿಸುವ ವಿಂಚಿಗೆ ಬ್ರೇಕ್ ಇತ್ತೋ ಇಲ್ಲವೋ ಎಂದು ಅವನನ್ನೇ ಕೇಳುತ್ತಾರೆ. ಇರಲಿಲ್ಲ, ಅದನ್ನು ತಂತಿಯಲ್ಲಿ ಕಟ್ಟಿಹಾಕಿಸಿದ್ದೆವು, ಕಟ್ಟು ಎಂದವನು ನಾನೇ ಎಂದು ಹೇಳಿಬಿಡುವುದಾಗಿ ಅವನು ನಿನ್ನೆಯೇ ನಿಶ್ಚಯ ಮಾಡಿದ್ದ. ನಿಶ್ಚಯ ಮಾಡಿದ ಕೂಡಲೇ ಗಾಢವಾಗಿ ನಿದ್ದೆ ಬಂದಿತ್ತು. ಈಗ ಆ ನಿದ್ದೆಯ ಬಗ್ಗೆಯೇ ಅವನಿಗೆ ನಾಚಿಕೆಯಾಗುತ್ತಿತ್ತು.

ಅರ್ಚನಾ ಕಿಟಕಿಯ ಹತ್ತಿರ ನಿಂತು ತಲೆ ಬಾಚಿಕೊಳ್ಳುತ್ತಿದ್ದಳು. ಉದುರಿದ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ, ಅದರ ಮೇಲೆ ತೂ ಎಂದು ಉಗುಳಿ ಹೊರಗೆ ಎಸೆದಳು. ಮದುವೆಯಾದ ಹೊಸದರಲ್ಲಿ ಅವನಿಗೆ ಈ ತೂ ಎನ್ನುವುದು ಏನೋ ಮುದ್ದಾಗಿ ಕೇಳಿಸಿತ್ತು. "ಏನೇನರ ಹೇಳಾಕ ಹೋಗಬ್ಯಾಡ್ರಿ ಮತ್ತ," ಎಂದಳು, ಅವನ ಕಡೆ ತಿರುಗದೆ. ಅವಳಿಗೆ ಅವನು ಏನೂ ಹೇಳಿರಲಿಲ್ಲ. ಅವನ ಮುಖವೇ ಎಲ್ಲ ಹೇಳಿಬಿಡುತ್ತದೆ, ಹುಟ್ಟಿದಾಗಿನಿಂದ ಅದೊಂದು ಶನಿ. "ನಾನೇನ್ ಹೇಳಾಕ ಹೊಂಟೀನಿ?" ಎಂದ. "ನೀವು ಖರೇ ಹೇಳಿದ್ರ ಅವನ ಕಾಲು ಚಿಗುರ್ತೈತೇನು? ಅಪ್ಪಾರಿಗೆ ಬಿ.ಪಿ. ಐತಿ. ನೀವು ಒಳಗ ಹೋದ್ರ ನಾ ಯಾರ ಮುಖ ನೋಡ್ಲಿ?" ಎಂದು ಇನ್ನೊಂದು ಉಂಡೆ ಸುತ್ತತೊಡಗಿದಳು. ಮಾತಿನಲ್ಲಿ ತಪ್ಪೇನಿರಲಿಲ್ಲ. ಈ ಮನೆಯಲ್ಲಿ ಯಾರ ಮಾತಿನಲ್ಲೂ ತಪ್ಪಿರುವುದಿಲ್ಲ, ಅದಕ್ಕೇ ಇಲ್ಲಿ ಉಸಿರು ಕಟ್ಟುತ್ತದೆ. ಅವನು ಎದ್ದು ಹೋಗಿ, ಮಾವ ಬಿಟ್ಟುಬಂದ ಬಚ್ಚಲಲ್ಲೇ ಮುಖ ತೊಳೆದುಕೊಂಡ. ನೆಲದ ಮೇಲೆ ಇನ್ನೂ ಹಳದಿ ನೊರೆಯಿತ್ತು. ಕಾಲಲ್ಲಿ ನೀರು ತಳ್ಳಿ ಅದನ್ನು ತೂಬಿಗೆ ಕಳಿಸಿದ.

ಗುಡೇಕೋಟೆ ದಾರಿಯಲ್ಲಿ ಮಾವ ಬೈಕಿನ ಹಿಂದೆ ಕೂತಿದ್ದರು. ಬರುವಾಗ ಇನ್‌ಸ್ಪೆಕ್ಟರ ಜೀಪಿನಲ್ಲಿ ಬರುತ್ತೇನೆ, ಹೋಗುವಾಗ ನೀನೇ ಬಿಡು ಎಂದಿದ್ದರು. ಅವರ ಹೊಟ್ಟೆ ಪ್ರವೀಣನ ಬೆನ್ನಿಗೆ ಬೆಚ್ಚಗೆ ಅಂಟಿಕೊಂಡಿತ್ತು, ತಗ್ಗು ಬಂದಾಗಲೆಲ್ಲ ಇನ್ನಷ್ಟು ಅಂಟುತ್ತಿತ್ತು. ಮುಂದೆ ಸರಿದರೆ ಪೆಟ್ರೋಲ್ ಟ್ಯಾಂಕು. ಕಿವಿಯ ಹಿಂದೆ ಜರ್ದಾ ವಾಸನೆಯ ಮಾತು ನಡೆದೇ ಇತ್ತು. "ಆ ಚೌಡಣ್ಣನ ಹೆಂಡ್ತಿ ಮೈಲಮ್ಮ ಏನಂತಾಳ ಗೊತ್ತನಲೇ? ಕರೆಂಟ್ ಇಲ್ಲದ ಗಾಡಿ ತನ್ನಷ್ಟಕ್ಕ ತಾನ ಬಂತಂದ್ರ ಅದು ಅಮ್ಮನ ಸಿಟ್ಟಂತ. ಉಚ್ಚಂಗಿದುರ್ಗದ ಗುಡ್ಡ ಹತ್ತಿ ಹರಕಿ ತೀರಸ್ತಾಳಂತ. ನಾನೂ ಅಂದೆ, ತೀರಸವಾ, ಖರ್ಚು ನಂದು, ದೇವರ ಮುಂದ ನಾವೆಷ್ಟರವರು." ಮಾವ ನಕ್ಕಾಗ ಹೊಟ್ಟೆ ಕುಲುಕಿದ್ದು ಪ್ರವೀಣನ ಬೆನ್ನಿಗೆ ತಿಳಿಯಿತು. ಎರಡೂ ಕಡೆ ಕಲ್ಲುಗುಡ್ಡ, ಬಂಡೆಯ ಮೇಲೆ ಬಂಡೆ, ನಡುನಡುವೆ ಜಾಲಿ. ಅಮ್ಮನ ಸಿಟ್ಟು! ಅದಕ್ಕೆ ಹೆಸರಿದೆ, ಲೆಕ್ಕವಿದೆ, ಗೆರೆ ಎಳೆದು ತೋರಿಸಬಹುದು. ಡಿಪ್ಲೊಮಾ ಓದುವಾಗ ಅವನು ಅದರ ಮೇಲೆಯೇ ಸೆಮಿನಾರ್ ಕೊಟ್ಟಿದ್ದ. ಹಿಂದಿನ ಬೆಂಚಿನವರು ಸಹ ಮಾತು ನಿಲ್ಲಿಸಿ ಕೇಳಿದ್ದರು. ಅವನ ಜೀವನದಲ್ಲಿ ನಾಲ್ಕು ಜನ ಅವನ ಮಾತನ್ನು ಕೊನೆಯವರೆಗೆ ಕೇಳಿದ್ದು ಅದೊಂದೇ ಸಲ.

ಗುಡ್ಡದ ಮೇಲೆ ಕಡಿದ ಕಲ್ಲಿನ ದಿಮ್ಮಿಯನ್ನು ಟ್ರಾಲಿಗೆ ಹೇರುತ್ತಾರೆ. ಟ್ರಾಲಿ ಹಳಿಯ ಮೇಲೆ ಕೆಳಗಿಳಿಯುತ್ತದೆ. ಅದಕ್ಕೆ ಕಟ್ಟಿದ ಉಕ್ಕಿನ ಹಗ್ಗ ಮೇಲಿನ ಶೆಡ್ಡಿನಲ್ಲಿರುವ ವಿಂಚಿನ ಡ್ರಮ್ಮಿಗೆ ಸುತ್ತಿಕೊಂಡಿರುತ್ತದೆ, ಡ್ರಮ್ಮನ್ನು ಮೋಟಾರು ತಿರುಗಿಸುತ್ತದೆ. ಖಾಲಿ ಟ್ರಾಲಿಯನ್ನು ಮೇಲೆ ಎಳೆಯುವಾಗ ಮೋಟಾರು ಮೋಟಾರಿನ ಹಾಗೆಯೇ ದುಡಿಯುತ್ತದೆ. ಸೊಗಸಿರುವುದು ಇಳಿಯುವಾಗ. ಕಲ್ಲಿನ ಭಾರ ಮೋಟಾರನ್ನೇ ಎಳೆದು, ಅದರ ಮಾಮೂಲಿ ವೇಗಕ್ಕಿಂತ ಒಂಚೂರು ಜಾಸ್ತಿ ತಿರುಗಿಸುತ್ತದೆ. ಆ ಒಂಚೂರು ದಾಟಿತೋ, ಮೋಟಾರು ಡೈನಮೊ ಆಗಿಬಿಡುತ್ತದೆ. ಕರೆಂಟ್ ತಿನ್ನುವುದು ಬಿಟ್ಟು ಲೈನಿಗೆ ವಾಪಸ್ ಕೊಡುತ್ತದೆ. ಹಾಗೆ ಕೊಡುವ ಶ್ರಮವೇ ಕಲ್ಲನ್ನು ತಡೆದು ನಿಧಾನ ಇಳಿಸುತ್ತದೆ. ಸವೆಯುವುದಿಲ್ಲ, ಬಿಸಿಯಾಗುವುದಿಲ್ಲ, ಸದ್ದಿಲ್ಲ. ರೀಜನರೇಟಿವ್ ಬ್ರೇಕಿಂಗ್ ಎಂದು ಮಾವನಿಗೆ ಹೇಳಿದಾಗ ಅವರು ಆಕಳಿಸಿದ್ದರು. ಗೋಡೆಯ ಮೇಲಿನ ಮೀಟರಿನ ಚಕ್ರ ನಿಂತು, ತುಸು ಯೋಚನೆ ಮಾಡಿದಂತೆ ಮಾಡಿ, ಹಿಂದಕ್ಕೆ ತಿರುಗತೊಡಗಿದ್ದನ್ನು ತೋರಿಸಿದಾಗ ಮಾತ್ರ ಬಾಯಲ್ಲಿದ್ದ ಎಲೆಯಡಿಕೆ ಉಗುಳುವುದನ್ನೇ ಮರೆತರು. ಆಮೇಲೆ ಬಂದ ನೆಂಟರನ್ನೆಲ್ಲ ಗುಡ್ಡ ಹತ್ತಿಸಿದ್ದೇ ಹತ್ತಿಸಿದ್ದು. "ನೋಡ್ರಿ, ನಮ್ಮ ಗುಡ್ಡ ಕರೆಂಟ್ ಹಡಿತೈತಿ!" ಎಂದು ಮೀಟರಿನ ಗಾಜು ತಟ್ಟುವರು. ಕೊಟ್ಟೂರಿನ ದೂರದ ನೆಂಟರು ಇವನನ್ನು ತೋರಿಸಿ ಇವರ್ಯಾರು ಎಂದು ಕೇಳಿದ್ದಕ್ಕೆ, "ನಮ್ಮ ಅಳಿಯ, ವೈರಮನ್ ಕೆಲಸ ಚಲೋ ಮಾಡ್ತಾನ," ಎಂದಿದ್ದರು. ಅವತ್ತು ಪ್ರವೀಣ ಇಳಿಜಾರಿನಲ್ಲಿ ಒಬ್ಬನೇ ಬಂಡೆಯ ಹಿಂದೆ ಕೂತು ಅತ್ತಿದ್ದ. ಅಷ್ಟಕ್ಕೆ ಅತ್ತವನಿಗೆ ಚೌಡಣ್ಣನ ಕಾಲಿಗೆ ಇನ್ನೂ ಅಳು ಬಂದಿಲ್ಲ.

ವಿಂಚಿಗೆ ಬೇರೆ ಬ್ರೇಕೂ ಇತ್ತು, ಇಲ್ಲದೆ ಏನು. ಕರೆಂಟ್ ಇರುವವರೆಗೆ ಬಿಟ್ಟುಕೊಂಡಿದ್ದು, ಕರೆಂಟ್ ಹೋದ ಕೂಡಲೇ ಸ್ಪ್ರಿಂಗಿನ ಬಲದಿಂದ ತಾನಾಗಿ ಡ್ರಮ್ಮನ್ನು ಕಚ್ಚಿ ಹಿಡಿಯುವ ಬ್ರೇಕು. ಆದರೆ ಆ ಸೀಮೆಯ ವೋಲ್ಟೇಜು ಯಾವ ಬ್ರೇಕಿಗೂ ನೆಮ್ಮದಿ ಕೊಡುವಂಥದಲ್ಲ. ಸುತ್ತಲ ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾದರೆ ಸಾಕು, ವೋಲ್ಟೇಜ್ ಬಿದ್ದು ಬ್ರೇಕು ನಡುದಾರಿಯಲ್ಲಿ ಗಪ್ಪೆಂದು ಹಿಡಿಯುವುದು, ಟ್ರಾಲಿ ಜಗ್ಗಿ ನಿಲ್ಲುವುದು. ಒಮ್ಮೆ ದಿಮ್ಮಿಯೇ ಉರುಳಿ ಸೀಳಿಹೋಯಿತು. ಮಾವ ಎಲ್ಲರೆದುರಿಗೆ, "ಓದಿದವ ಅಂತ ಇಟಗಂಡೀನಿ, ಇಷ್ಟೂ ಸರಿ ಮಾಡಾಕ ಬರಂಗಿಲ್ಲೇನಲೇ?" ಎಂದರು. ಕೂಲಿಯವರು ಬೇರೆ ಕಡೆ ನೋಡಿದರು. ಅವರು ನಕ್ಕಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಪ್ರವೀಣ ಬ್ರೇಕಿನ ಕೈಯನ್ನು ಅದು ಡ್ರಮ್ಮು ಕಚ್ಚದ ಹಾಗೆ ಎತ್ತಿ ಹಿಡಿದು, ಹತ್ತಿರ ನಿಂತಿದ್ದ ಚೌಡಣ್ಣನಿಗೆ, "ಇದನ್ನ ತಂತಿ ಹಾಕಿ ಹಿಂಗ ಕಟ್ಟಿಬಿಡು," ಎಂದ. ಚೌಡಣ್ಣ ತಂತಿ ಹಿಡಿದು ಅನುಮಾನಿಸಿದ. "ಬ್ರೇಕ್ ಬ್ಯಾಡೇನ್ರಿ?" "ಬ್ಯಾಡ. ಮೋಟಾರೇ ಹಿಡಿತೈತಿ." ಎಷ್ಟು ಚೆನ್ನಾಗಿ ಹೇಳಿದ್ದ! ಮಾವನಿಗೂ ಕೇಳುವಂತೆ, ಸೆಮಿನಾರಿನ ಗತ್ತಿನಲ್ಲಿ. ಅವತ್ತಿನಿಂದ ಕ್ವಾರಿಯಲ್ಲಿ ಅದೊಂದು ಮಾತೇ ಆಗಿಹೋಯಿತು. ಬೀಡಿ ಬೇಡವೇನೋ ಅಂದರೆ ಮೋಟಾರೇ ಹಿಡಿತೈತಿ, ಮಗಳ ಮದುವೆ ಹೇಗೋ ಅಂದರೆ ಮೋಟಾರೇ ಹಿಡಿತೈತಿ. ಅವನಿಗೆ ಒಳಗೊಳಗೇ ಹಿಗ್ಗು. ಕರೆಂಟ್ ಇದ್ದರೆ ಮಾತ್ರ ಹಿಡಿಯುತ್ತದೆ, ಲೈನು ಸತ್ತರೆ ಮೋಟಾರು ಬರೀ ಕಬ್ಬಿಣ ಎಂಬುದು ಅದೇ ಪುಸ್ತಕದ ಅದೇ ಪುಟದಲ್ಲಿತ್ತು. ಅವನು ಮರೆತಿರಲಿಲ್ಲ. ಹೇಳಿರಲಿಲ್ಲ, ಅಷ್ಟೇ. ಕರೆಂಟ್ ಹೋದಾಗ ನೋಡಿಕೊಂಡರಾಯಿತು ಎಂದು ಅಂದುಕೊಂಡಿದ್ದ, ಕರೆಂಟ್ ಹೋಗುವುದೇ ಕಸುಬಾಗಿರುವ ಆ ಊರಿನಲ್ಲಿ.

ಬಲ್ಬನ್ನು ಹಾಕಿದವನೂ ಅವನೇ. ಕೆಳಗೆ ಹಳಿಯ ಪಕ್ಕ ಕಂಬ ನೆಟ್ಟು, ಮೋಟಾರಿನ ಲೈನಿನಿಂದಲೇ ಒಂದು ಕೆಂಪು ಬಲ್ಬು. ಬಲ್ಬ್ ಉರಿಯುತ್ತಿದ್ದರೆ ಗಾಡಿ ನಡೆಯುತ್ತಿದೆ ಎಂದು ತಿಳಿಯಬೇಕು, ಹಳಿ ದಾಟಬಾರದು. ಆರಿದರೆ ದಾಟಬಹುದು. ಕೆಳಗೆ ದಿಮ್ಮಿ ಬಿಡಿಸಿಕೊಳ್ಳುವ ಕೆಲಸ ಚೌಡಣ್ಣನದು, ಕುಡಿಯುವ ನೀರಿನ ಗಡಿಗೆ ಹಳಿಯ ಆಚೆ ಬೇವಿನ ನೆರಳಿನಲ್ಲಿ. ಮಟಮಟ ಮಧ್ಯಾಹ್ನ. ಕಲ್ಲು ಅರ್ಧ ಇಳಿದಿತ್ತು. ಬಲ್ಬ್ ಆರಿತು. ಈ ಕಡೆ ಹುಟ್ಟಿದ ಯಾವನನ್ನಾದರೂ ಕೇಳಿ, ಕರೆಂಟ್ ಹೋದರೆ ಮೋಟಾರ್ ನಿಲ್ಲುತ್ತದೆ ಎನ್ನುತ್ತಾನೆ. ಬೋರಿನ ನೀರು ಪೈಪಿನಲ್ಲಿ ಕೆಮ್ಮಿ ನಿಂತುಹೋಗುವುದನ್ನು ಹುಟ್ಟಿದಾಗಿನಿಂದ ನೋಡಿದವರು ಇವರು. ಚೌಡಣ್ಣನೂ ಬಲ್ಬ್ ಆರಿದ್ದು ನೋಡಿ, ತಲೆಯ ಟವಲು ಬಿಚ್ಚಿ ಮುಖ ಒರೆಸಿಕೊಳ್ಳುತ್ತ, ಆತುರವಿಲ್ಲದೆ ಹಳಿ ದಾಟಿದ. ಮೇಲಿದ್ದ ಪ್ರವೀಣನಿಗೆ ಡ್ರಮ್ಮಿನ ಸದ್ದು ಏರಿದ್ದು ಕೇಳಿಸಿತು. ಕೂಗಿದನೇ? ಕೂಗಿದೆ ಎಂದು ಎಲ್ಲರಿಗೂ ಹೇಳಿದ್ದಾನೆ. ಬಾಯಿ ತೆರೆದದ್ದು ನಿಜ. ಆದರೆ ಅವನ ಕೈ ಹೋದದ್ದು ಬ್ರೇಕಿಗೆ ಕಟ್ಟಿದ ತಂತಿಯ ಕಡೆಗೆ, ಅದೂ ಬಿಚ್ಚಿ ಹಿಡಿಸುವುದಕ್ಕಲ್ಲ, ಯಾರೂ ನೋಡುವ ಮೊದಲು ಕಿತ್ತು ಎಸೆಯುವುದಕ್ಕೆ. ಮನುಷ್ಯನ ಕೈ ಇಷ್ಟು ಹೊಲಸು ಎಂದು ಅವನಿಗೆ ಗೊತ್ತಿರಲಿಲ್ಲ. ಈಗ ಅದೇ ಕೈ ಬೈಕಿನ ಕ್ಲಚ್ ಒತ್ತಿ ಚೌಡಣ್ಣನ ಹಟ್ಟಿಯ ದಾರಿಗೆ ತಿರುಗಿಸಿತು.

ಚೌಡಣ್ಣನ ಮನೆಯ ಮುಂದೆ ಜೀಪು ಆಗಲೇ ನಿಂತಿತ್ತು. ಅಂಗಳದ ತುಂಬ ಕುರಿಹಿಕ್ಕೆ, ರೊಪ್ಪದ ಕಮಟು. ಮಾವ ಪಂಚೆ ಮೇಲೆತ್ತಿ ಹೆಜ್ಜೆ ಆರಿಸಿ ಆರಿಸಿ ನಡೆದರು. ಒಳಗೆ ಆ ಕಮಟಿನ ಮೇಲೆ ಆಸ್ಪತ್ರೆಯ ಔಷಧಿ, ಔಷಧಿಯ ಅಡಿಯಲ್ಲಿ ಇನ್ನೊಂದು ಸಿಹಿಸಿಹಿ ವಾಸನೆ. ಅದು ಕೀವು ಎಂದು ತಿಳಿದಾಗ ಪ್ರವೀಣ ಬಾಯಿಯಿಂದ ಉಸಿರಾಡತೊಡಗಿದ. ಚೌಡಣ್ಣ ಗೋಡೆಗೆ ಒರಗಿ ಕೂತಿದ್ದ. ಕಂಬಳಿಯ ಅಡಿಯ ಉಬ್ಬು ಒಂದು ಕಡೆ ಎರಡು ಮೊಳ ಬೇಗ ಮುಗಿದಿತ್ತು. ಇವರನ್ನು ಕಂಡು ಏಳಲು ಹೋದ, ಅಭ್ಯಾಸ. ಏಳಲಾಗದ್ದು ನೆನಪಾಗಿ, "ಬರ್ರಿ ಸಾವ್ಕಾರ್ರ, ಬರ್ರಿ ಅಳಿಯಂದ್ರ," ಎಂದು ಕೂತಲ್ಲೇ ಕೈ ಮುಗಿದ. ಅವನ ಹೆಂಡತಿ ಮೈಲಮ್ಮ ಇದ್ದೊಂದು ಕುರ್ಚಿಯನ್ನು ಇನ್‌ಸ್ಪೆಕ್ಟರಿಗೆ ಕೊಟ್ಟು, ಇವರಿಗೆ ಚಾಪೆ ಹಾಸಿದಳು. ಇನ್‌ಸ್ಪೆಕ್ಟರು ಜೀಪಿನ ಕೀಲಿಯಿಂದ ಕಿವಿ ಕೆರೆದುಕೊಳ್ಳುತ್ತ, ಹೊರಬಂದದ್ದನ್ನು ನೋಡುತ್ತ, ಮತ್ತೆ ಕೆರೆದುಕೊಳ್ಳುತ್ತಿದ್ದರು. ಮೈಲಮ್ಮ ಚಹಾ ತಂದಳು. ಲೋಟದ ಮೇಲೆ ಕೆನೆ ಸುಕ್ಕುಗಟ್ಟಿತ್ತು. ಈಗ ಹೇಳಬೇಕು, ಈ ಕೆನೆ ತೆಗೆದು ಲೋಟ ಕೆಳಗಿಟ್ಟು ಹೇಳಿಬಿಡಬೇಕು ಎಂದುಕೊಂಡು ಪ್ರವೀಣ ಲೋಟ ಬಾಯಿಗೆ ಇಟ್ಟ. ಕೆನೆ ತುಟಿಗೆ ಹತ್ತಿತು.

"ನಡೆದದ್ದನ್ನು ಹೇಳಪ್ಪ," ಎಂದರು ಇನ್‌ಸ್ಪೆಕ್ಟರು.

"ಕರೆಂಟ್ ಹೋಗಿತ್ರಿ. ಗಾಡಿ ನಿಂತೈತಿ ಅಂತ ದಾಟಿದೆ. ಬಂತು."

ಇನ್‌ಸ್ಪೆಕ್ಟರು ನಕ್ಕರು. "ಇಳಿಜಾರಿನಲ್ಲಿ ನಿಲ್ಲುತ್ತದೇನಯ್ಯಾ? ಅದೇನು ಪಂಪ್‌ಸೆಟ್ಟೇ?" ಮಾವ ನಕ್ಕರು. ತಾನೂ ನಕ್ಕದ್ದು ಪ್ರವೀಣನಿಗೆ ಕೇಳಿಸಿತು, ಚಿಕ್ಕ, ಓದಿದವರು ಓದಿದವರ ಜೊತೆ ನಗುವ ನಗು. ನಾಲಿಗೆಯನ್ನು ಕಚ್ಚಿ ತುಂಡು ಮಾಡಬೇಕೆನ್ನಿಸಿತು. ಚೌಡಣ್ಣನೂ ತಾನೇನೋ ತಮಾಷೆ ಹೇಳಿದೆನೆಂದು ಸ್ವಲ್ಪ ನಕ್ಕ. ಮೈಲಮ್ಮ ನಗಲಿಲ್ಲ. "ಬ್ರೇಕ್ ಕಟ್ಟಿದ್ದರಂತೆ, ತಂತಿ ಸುತ್ತಿದ ಗುರುತು ಇದೆ. ಯಾರು ಕಟ್ಟಿದ್ದು?" ಎಂದು ಇನ್‌ಸ್ಪೆಕ್ಟರು ಪ್ರವೀಣನ ಕಡೆ ತಿರುಗಿದರು. ಪ್ರವೀಣ ಬಾಯಲ್ಲಿದ್ದ ಚಹಾ ನುಂಗಬೇಕಿತ್ತು. ಅಷ್ಟೇ ಹೊತ್ತು.

"ನಾನ ಕಟ್ಟಿದ್ದುರಿ," ಎಂದ ಚೌಡಣ್ಣ. "ಜಗ್ಗತಿತ್ತು ಅಂತ ನಾನ ಕಟ್ಟಿದೆ. ಯಾರೂ ಹೇಳಿಲ್ರಿ. ಅಳಿಯಂದ್ರಿಗೆ ಗೊತ್ತ ಇದ್ದಿಲ್ಲ."

ಹೇಳಿ ಪ್ರವೀಣನ ಕಡೆ ನೋಡಿದ. ಮಕ್ಕಳು ಕಲಿತದ್ದನ್ನು ತಪ್ಪಿಲ್ಲದೆ ಒಪ್ಪಿಸಿ ಮೇಷ್ಟ್ರ ಮುಖ ನೋಡುವ ಹಾಗೆ. ಮಾವ ಚಾಪೆಯ ಮೇಲೆ ತುಸು ಹಿಂದಕ್ಕೆ ಒರಗಿದರು. ಈಗಲೂ ಹೇಳಬಹುದಿತ್ತು. ಇಲ್ಲ, ಅವನು ಸುಳ್ಳು ಹೇಳುತ್ತಿದ್ದಾನೆ ಎಂದರೆ ಮುಗಿಯುತ್ತಿತ್ತು. ಆದರೆ ಪ್ರವೀಣನಿಗೆ ಹೊಟ್ಟೆಯ ಬುಡದಿಂದ ಒಂದು ಹಗುರು ಏಳುತ್ತಿತ್ತು, ಬಿಸಿಲಲ್ಲಿ ನಡೆದು ಬಂದು ನೀರು ಕುಡಿದಂಥ ಹಗುರು. ಅದನ್ನು ತಡೆಯಬೇಕು ಎನ್ನುವಷ್ಟರಲ್ಲಿ ಅದು ಮೈಯೆಲ್ಲ ಹರಡಿ ಆಗಿತ್ತು. ಅವನಿಗೆ ತನ್ನ ಮೈ ಮುಟ್ಟಲೂ ಹೇಸಿಗೆಯಾಯಿತು. ಇನ್‌ಸ್ಪೆಕ್ಟರು ಬರೆದುಕೊಂಡು, ಚೌಡಣ್ಣನ ಹೆಬ್ಬೆಟ್ಟು ಹಿಡಿದು ಒತ್ತಿಸಿಕೊಂಡು ಎದ್ದರು. ಮಾವ ಮೈಲಮ್ಮನಿಗೆ, "ಹರಕಿ ತೀರಸವಾ, ಮರೀಬ್ಯಾಡ," ಎಂದು ಹೇಳಿ, "ಕ್ರಾಸಿನ ಹೋಟೆಲಿನ್ಯಾಗ ಇರ್ತೀವಿ, ಬಂದುಬಿಡು," ಎಂದು ಇವನಿಗೆ ಹೇಳಿ ಜೀಪು ಹತ್ತಿದರು.

ಜೀಪಿನ ಸದ್ದು ದೂರವಾದ ಮೇಲೆ ಪ್ರವೀಣ ಕೇಳಿದ. "ಯಾಕ ಹಂಗಂದಿ ಚೌಡಣ್ಣ?"

"ನಿಮ್ಮನ್ನ ಜೈಲಿಗೆ ಹಾಕ್ತಾರಂತ ಸಾವ್ಕಾರ್ರು ಅಂದ್ರು. ನಂದು ಹೆಂಗೂ ಹೋಗಿದ್ದು ಹೋತು. ನೀವು ಓದಿದವರು, ಸಣ್ಣ ವಯಸ್ಸು. ನೀವೇನ್ ಬೇಕಂತ ಮಾಡಿದ್ರೇನು?" ಚೌಡಣ್ಣ ಕಂಬಳಿಯನ್ನು ಸರಿಮಾಡಿಕೊಂಡ. "ಒಂದು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇಕಿ ಅಮ್ಮನ ಸಿಟ್ಟು ಅಂತಾಳ. ನನಗ ಹಂಗ ಅನಸಂಗಿಲ್ಲ. ಅಮ್ಮಗ ನಾನೇನ್ ಮಾಡೀನಿ? ಬಲ್ಬ್ ಆರಿತ್ರಿ. ನಾ ಕಣ್ಣಾರೆ ನೋಡೀನಿ. ಕರೆಂಟ್ ಇಲ್ಲದ ಅದು ಹೆಂಗ ಬಂತು?"

ಇಷ್ಟು ದಿನ ಯಾರೂ ಕೇಳದ ಪ್ರಶ್ನೆ. ಹಾಸಿಗೆಯಲ್ಲಿ ಬಿದ್ದು ಈ ಮನುಷ್ಯ ಕಾಲಿನ ಬಗ್ಗೆ ಅಳದೆ ಇದನ್ನೇ ಯೋಚಿಸಿದ್ದಾನೆ. ಪ್ರವೀಣನಿಗೆ ಹೇಳುವ ಹುರುಪು ಬಂದೇಬಿಟ್ಟಿತು, ನಾಚಿಕೆಗೇಡು. ಚಾಪೆಯ ಮೇಲೆ ಬೆರಳಿನಿಂದ ಇಳಿಜಾರು ಬರೆದ, ಡ್ರಮ್ಮು ಬರೆದ. ಕಲ್ಲು ಮೋಟಾರನ್ನು ಎಳೆಯುತ್ತದೆ, ಮೋಟಾರು ಕರೆಂಟನ್ನು ಲೈನಿಗೆ ಕೊಡುತ್ತದೆ, ಕೊಡುವುದಕ್ಕೆ ಲೈನಿನಲ್ಲಿ ಕರೆಂಟ್ ಇರಬೇಕು. ಇದ್ದರೆ ಹಿಡಿಯುತ್ತದೆ. ಹೋದರೆ ಹಿಡಿಯುವವರು ಯಾರೂ ಇಲ್ಲ, ಆಗ ಹಿಡಿಯಲಿ ಎಂದೇ ಆ ಬ್ರೇಕು. ಚೌಡಣ್ಣ ಬೆರಳನ್ನೇ ನೋಡುತ್ತಿದ್ದ, ಬಾಗಿಲಲ್ಲಿ ಮೈಲಮ್ಮನೂ. ಎಲ್ಲವೂ ಅವರಿಗೆ ತಿಳಿಯಿತು. ಅವನು ಇಷ್ಟು ಚೆನ್ನಾಗಿ ಸೆಮಿನಾರಿನಲ್ಲೂ ಹೇಳಿರಲಿಲ್ಲ.

"ಅಂದ್ರ ಬಲ್ಬ್ ಆರಿದಾಗ ದಾಟಬಾರದಿತ್ತು," ಎಂದ ಚೌಡಣ್ಣ ನಿಧಾನವಾಗಿ. "ಉರಿವಾಗ ಪರವಾಗಿಲ್ಲ, ಆರಿದಾಗ ಓಡಬೇಕಿತ್ತು."

"ಹೌದು."

"ಇದು ಯಾವಾಗ ಗೊತ್ತಾತ್ರಿ ನಿಮಗ? ಆಮ್ಯಾಲೆ?"

ಹೌದು ಎಂದರೆ ಸಾಕಿತ್ತು. ಚೌಡಣ್ಣ ಆ ಮಾತನ್ನು ಎಷ್ಟು ಹತ್ತಿರಕ್ಕೆ ತಂದು ಇಟ್ಟಿದ್ದನೆಂದರೆ, ಕೈ ಚಾಚಿ ತೆಗೆದುಕೊಳ್ಳಬಹುದಿತ್ತು. "ಮೊದಲ ಗೊತ್ತಿತ್ತು," ಎಂದ ಪ್ರವೀಣ. "ಓದಿದ್ದೆ."

ಹೊರಗೆ ರೊಪ್ಪದಲ್ಲಿ ಕುರಿಯೊಂದು ಕೆಮ್ಮಿತು. ಚೌಡಣ್ಣ ಚಾಪೆಯ ಮೇಲೆ ಡ್ರಮ್ಮು ಬರೆದಿದ್ದ ಜಾಗವನ್ನು ನೋಡಿದ. ತಲೆ ಎತ್ತಿದಾಗ ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಪ್ರವೀಣ ಸಿಟ್ಟಿಗೆ ಸಿದ್ಧನಾಗಿದ್ದ. ಏನೋ ಹೊಲಸು ತುಳಿದು ಅಂಗಾಲು ನೋಡಿಕೊಳ್ಳುವವನ ಮುಖವಿತ್ತು.

"ನಿನಗ ಗೊತ್ತಿತ್ತು," ಎಂದ. ನಿಮಗ ಅನ್ನಲಿಲ್ಲ. "ಗೊತ್ತಿದ್ದು ನನ್ನ ಕೈಲೆ ತಂತಿ ಕಟ್ಟಿಸಿದಿ. ಎದ್ದೋಗು. ಜೀಪು ಕ್ರಾಸಿನ್ಯಾಗ ನಿಂತಿರತೈತಿ. ಹೋಗಿ ಹೇಳು. ಹೆಬ್ಬಟ್ಟು ಒತ್ತಿದ್ದು ಸುಳ್ಳಾತಂತ ಹೇಳು."

"ಹೇಳ್ತೀನಿ," ಎಂದು ಪ್ರವೀಣ ಎದ್ದ. ಮೈಲಮ್ಮ ಅವನ ಅರ್ಧ ಕುಡಿದ ಲೋಟವನ್ನು ಎತ್ತಿ, ಅವನು ಹೊಸ್ತಿಲು ದಾಟುವುದಕ್ಕೂ ಕಾಯದೆ, ಉಳಿದ ಚಹಾವನ್ನು ಅಂಗಳಕ್ಕೆ ಚೆಲ್ಲಿದಳು. ಒಂದೆರಡು ಹನಿ ಅವನ ಪ್ಯಾಂಟಿಗೆ ಸಿಡಿಯಿತು. ಅದರಿಂದ ಅವನಿಗೆ ಬಲ ಬಂದ ಹಾಗಾಯಿತು. ಬೈಕಿನ ಮೇಲೆ ಕೂತು ದಾರಿಯುದ್ದಕ್ಕೂ ಗಟ್ಟಿಯಾಗಿ ಹೇಳಿಕೊಂಡ: ನಾನೇ ಕಟ್ಟಿಸಿದ್ದು ಸರ್, ಬರೆದುಕೊಳ್ಳಿ. ಗಾಳಿಗೆ ಮಾತು ಹಾರಿಹೋಗುತ್ತಿತ್ತು, ಮತ್ತೆ ಹೇಳಿಕೊಂಡ. ತನ್ನ ದನಿ ಇಷ್ಟು ಸ್ಪಷ್ಟವಾಗಿದ್ದದ್ದು ಅವನಿಗೆ ನೆನಪಿರಲಿಲ್ಲ.

ಕ್ರಾಸಿನ ಹೋಟೆಲಿನ ಮುಂದೆ ಜೀಪು ನಿಂತಿತ್ತು. ತಗಡಿನ ಚಪ್ಪರದ ಕೆಳಗೆ ಮಾವ, ಇನ್‌ಸ್ಪೆಕ್ಟರು, ನಡುವೆ ಪೇಪರಿನ ಮೇಲೆ ಮಂಡಕ್ಕಿಯ ರಾಶಿ. ಬಾಣಲೆಯಿಂದ ಆಗತಾನೆ ಎತ್ತಿದ ಮಿರ್ಚಿ, ಎಣ್ಣೆ ಇನ್ನೂ ಮೇಲೆ ಗುಳ್ಳೆಯೊಡೆಯುತ್ತಿತ್ತು. ಮಾವ ಬೆರಳು ನೆಕ್ಕಿಕೊಂಡು, "ಬಾರಲೇ, ಬಿಸಿ ಅದಾವ," ಎಂದು ಬೆಂಚಿನಲ್ಲಿ ಸರಿದು ಜಾಗ ಮಾಡಿದರು. ಪ್ರವೀಣ ನಿಂತೇ ಇದ್ದ. "ಸರ್," ಎಂದ. ಇನ್‌ಸ್ಪೆಕ್ಟರು ಬಾಯಿ ತುಂಬಿದ್ದರಿಂದ ಹುಬ್ಬಿನಲ್ಲೇ ಏನು ಎಂದು ಕೇಳಿದರು. ಅವರ ಗದ್ದದ ಮೇಲೆ ಮಂಡಕ್ಕಿಯ ಒಂದು ಕಾಳು ಅಂಟಿತ್ತು, ದವಡೆ ಆಡಿದಂತೆ ಅದೂ ಆಡುತ್ತಿತ್ತು. ಅದು ಬೀಳಲಿ, ಬಿದ್ದ ಮೇಲೆ ಹೇಳುತ್ತೇನೆ ಎಂದುಕೊಂಡ. ಅಷ್ಟರಲ್ಲಿ ಮಾವ ಅವನ ಕೈಹಿಡಿದು ಕೂರಿಸಿ, ಅಂಗೈಯಲ್ಲಿ ಒಂದು ಮಿರ್ಚಿ ಇಟ್ಟರು. ಬೆಳಿಗ್ಗೆಯಿಂದ ಅವನು ಏನೂ ತಿಂದಿರಲಿಲ್ಲ.

"ಏನೋ ಹೇಳೋಕೆ ಬಂದಿರಿ?" ಎಂದರು ಇನ್‌ಸ್ಪೆಕ್ಟರು, ನೀರು ಕುಡಿದು.

"ಏನಿಲ್ರಿ ಸರ್," ಎಂದ ಪ್ರವೀಣ. ಮಿರ್ಚಿ ಚೆನ್ನಾಗಿತ್ತು, ಹಿಟ್ಟಿಗೆ ಅಜವಾನ ಹಾಕಿದ್ದರು. ಅವನು ಇನ್ನೊಂದು ತೆಗೆದುಕೊಂಡ.